ಹೆಂಚಿನ ಕಾರ್ಖಾನೆಯ ಗೋಡೆ ಎಷ್ಟು ಹೊರುತ್ತದೆ?

ಪ್ರಶ್ನೆ: ನೇತ್ರಾವತಿ ದಂಡೆಯಲ್ಲಿ ಅಜ್ಜನ ಕಾಲದ ಹೆಂಚಿನ ಕಾರ್ಖಾನೆ ಇದೆ. ಕೆಳಗೆ ಅಂಗಡಿ, ಮೇಲೆ ಎರಡು ಅಂತಸ್ತು ಮನೆ ಮಾಡುವ ಯೋಚನೆ. ನೂರು ವರ್ಷ ಯಂತ್ರಗಳ ಭಾರ ಹೊತ್ತ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಧೈರ್ಯವಾಗಿ ಸ್ಲ್ಯಾಬ್ ಹಾಕಿ ಎನ್ನುತ್ತಾರೆ ಗುತ್ತಿಗೆದಾರರು. ಸರಿಯೇ?

ಉತ್ತರ: ಸರಿಯಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಬಿಟ್ಟುಹೋದ ಕಟ್ಟಡಗಳು ಉಳಿಯಬೇಕೆಂಬುದು ನನ್ನ ಆಸೆ. ಅದಕ್ಕೇ ಕಟುವಾಗಿ ಹೇಳುತ್ತಿದ್ದೇನೆ.

ಯಂತ್ರಗಳ ಭಾರವನ್ನು ನಿಮ್ಮ ಗೋಡೆ ಒಂದು ದಿನವೂ ಹೊತ್ತಿಲ್ಲ. ಜೇಡಿ ಅರೆಯುವ ಯಂತ್ರ, ಅಚ್ಚಿನ ಪ್ರೆಸ್, ಗೂಡು ಎಲ್ಲವೂ ನೆಲದ ಮೇಲಿದ್ದವು. ಮಹಡಿಯಲ್ಲಿ ಹಸಿ ಹೆಂಚು ಒಣಗಿಸಿದ್ದರೆ ಆ ಭಾರ ಇಳಿದದ್ದು ಮರದ ಕಂಬಗಳಲ್ಲಿ. ಗೋಡೆಯ ಪಾಲಿಗೆ ಬಂದದ್ದು ಮಾಡು ಮಾತ್ರ. ರೀಪು ಸೇರಿ ಹೆಂಚು ಚದರ ಮೀಟರಿಗೆ ಸುಮಾರು 65 ಕಿಲೊ. ಆರು ಅಂಗುಲದ ಸ್ಲ್ಯಾಬ್ ಒಂದೇ ಸುಮಾರು 375 ಕಿಲೊ. ಅದರ ಮೇಲೆ ಮನೆಯ ಬಳಕೆಗೆಂದು 200 ಕಿಲೊ ಹಿಡಿಯಬೇಕು. ನೆಲಹಾಸು, ಒಳಗೋಡೆ ಬೇರೆ. ಇದೆಲ್ಲ ಎರಡು ಅಂತಸ್ತಿಗೆ!

ಮುರಕಲ್ಲು ನೆನೆದರೆ ಬಲ ಕುಗ್ಗುತ್ತದೆ. ಮಳೆಗಾಲ ಕಳೆದ ಮೇಲೆ ಹಳೆಯ ಗೋದಾಮೊಂದರಲ್ಲಿ ಗೋಡೆಯ ಬುಡದ ಸಿಮೆಂಟ್ ಗಿಲಾವನ್ನು ಒಂದು ಮೊಳದಷ್ಟು ಕೆತ್ತಿಸಿದೆ. ಬೈಕಿನ ಕೀಲಿ ಒತ್ತಿದರೆ ಪೂರ್ತಿ ಒಳಗೆ ಹೋಯಿತು; ಕೆಂಪು ಕೆಸರು ಕೈಗೆ ಬಂತು. ಹೊರಗಡೆ ಹೊಸ ಬಣ್ಣ ಹೊಳೆಯುತ್ತಿತ್ತು. ಹಳೆಯ ಗೋಡೆ ಗಟ್ಟಿಯಾಗಲೆಂದು ಸಿಮೆಂಟ್ ಮೆತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೆಲದಿಂದ ಏರಿದ ತೇವ ಆರಲು ದಾರಿಯೇ ಇಲ್ಲದಂತೆ ಮಾಡುತ್ತಾರೆ. ಅಲ್ಲಿಗೆ ಸುಣ್ಣದ ಗಾರೆಯೇ ಬೇಕು.

ಒಳಗೆ ತನ್ನದೇ ಅಡಿಪಾಯದ ಮೇಲೆ ಉಕ್ಕಿನ ಚೌಕಟ್ಟು ನಿಲ್ಲಿಸಿ, ಹೊಸ ಭಾರವನ್ನೆಲ್ಲ ಅದಕ್ಕೆ ಹೊರಿಸಿ. ಗೋಡೆ ತನ್ನ ಭಾರ ತಾನು ಹೊತ್ತರೆ ಸಾಕು. ವಾಲದಂತೆ ಚೌಕಟ್ಟಿಗೆ ಬಿಗಿಯಿರಿ. ಗೋಡೆಯ ಪಕ್ಕ ಉದ್ದಕ್ಕೂ ಒಮ್ಮೆಲೇ ಅಗೆಯಬೇಡಿ, ಸ್ವಲ್ಪ ಸ್ವಲ್ಪವಾಗಿ ಅಗೆಯಿರಿ. ನದಿ ದಂಡೆಯ ಮಣ್ಣಿನ ಪರೀಕ್ಷೆಯಾಗದೆ ನಾನಂತೂ ನಕ್ಷೆಯಲ್ಲಿ ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಪ್ರಶ್ನೆ: ಚಿಮಣಿ ವಾಸ್ತುದೋಷವಂತೆ, ಕೆಡವಬೇಕೇ?

ಉತ್ತರ: ಬೇಡ. ಅದು ಓರೆಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಅಳತೆ ಮಾಡಿಸಿ.

ಪ್ರಶ್ನೆ: ಹಿಂಬದಿಯ ಆಸ್ಬೆಸ್ಟಾಸ್ ಶೀಟುಗಳನ್ನು ನಮ್ಮ ಕೆಲಸದವರೇ ಒಡೆದು ತೆಗೆಯಬಹುದೇ?

ಉತ್ತರ: ಕೂಡದು. ಆ ನಾರಿನ ಧೂಳು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ತರಬೇತಿ ಇದ್ದವರು ನೀರಿನಲ್ಲಿ ನೆನೆಸಿ, ಇಡಿಯಾಗಿ ಇಳಿಸಬೇಕು.

ಪ್ರಶ್ನೆ: ಭೂಬಳಕೆ ಬದಲಾವಣೆಗೆ ಕೆಲಸ ಮುಗಿದ ಮೇಲೆ ಅರ್ಜಿ ಹಾಕಿದರಾಗದೇ?

ಉತ್ತರ: ಆಗದು. ಮೊದಲು ಅನುಮತಿ. ದಡದ ಕಟ್ಟಡಗಳಿಗೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನೂ ಈಗಲೇ ನೋಡಿ.

ಪ್ರಶ್ನೆ: ಮರದ ಮಹಡಿ ಉಳಿಸಿಕೊಂಡು, ಕೆಳಗೆ ಹೋಟೆಲಿಗೆ ಬಾಡಿಗೆ ಕೊಡಬಹುದೇ?

ಉತ್ತರ: ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಕೆಳಗೆ ಗ್ಯಾಸ್ ಒಲೆ, ಮೇಲೆ ಮಲಗಿದ ಮಕ್ಕಳು, ನಡುವೆ ಬರೀ ಹಲಗೆ. ಅಂಥ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.