ಹಳ್ಳದ ಹರಿವನ್ನು ಉಪ್ಪಿನಿಂದ ಅಳೆಯುವುದು ಹೇಗೆ?

ಪ್ರಶ್ನೆ: ಅಡಿಕೆ ತೋಟದ ಪಕ್ಕದ ಹಳ್ಳದಲ್ಲಿ ಬೇಸಿಗೆಗೆ ಸೆಕೆಂಡಿಗೆ ಎಷ್ಟು ಲೀಟರ್ ನೀರಿರುತ್ತದೆಂದು ತಿಳಿಯಬೇಕು. ಬಂಡೆಗಳ ಸಂದಿಯಲ್ಲಿ ಹರಿಯುವುದರಿಂದ ಅಗಲ, ಆಳ ಅಳೆಯಲಾಗುತ್ತಿಲ್ಲ. ಉಪ್ಪು ಹಾಕಿ ಅಳೆಯಬಹುದಂತೆ, ಹೌದೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಹೌದು. ಅಗಲ, ಆಳ ಅಳೆಯಲು ಅಡ್ಡಿಯಾಗುವ ಬಂಡೆಗಳೇ ಇಲ್ಲಿ ನೆರವಿಗೆ ಬರುತ್ತವೆ, ನೀರು ಹೊರಳಿ ಉಪ್ಪು ಬೇಗ ಬೆರೆಯುತ್ತದೆ. ಬೇಕಾದದ್ದು ಉಪ್ಪು, ತಕ್ಕಡಿ, ಗಡಿಯಾರ ಮತ್ತು ವಿದ್ಯುತ್ ವಾಹಕತೆ ತೋರಿಸುವ ಮೀಟರ್.

ಸೆಕೆಂಡಿಗೆ ಅಂದಾಜು 100 ಲೀಟರ್ ಹರಿವಿಗೆ ಅರ್ಧ ಕಿಲೋ ಉಪ್ಪು ಸಾಕು. ಮೂರ್ನಾಲ್ಕು ಲೀಟರ್ ಹಳ್ಳದ ನೀರಲ್ಲೇ ಪೂರ್ತಿ ಕರಗಿಸಿ, ಸೆಳೆತವಿರುವ ಕಡೆ ಒಮ್ಮೆಲೇ ಸುರಿಯಿರಿ. ಮೀಟರ್ ಇಡುವ ಜಾಗ ಹಳ್ಳದ ಅಗಲದ ಕನಿಷ್ಠ 25 ಪಟ್ಟು ಕೆಳಗಿರಲಿ. ನಡುವೆ ದೊಡ್ಡ ಮಡುವಾಗಲಿ, ಸೇರುವ ತೋಡಾಗಲಿ ಇರಬಾರದು. ಸುರಿಯುವ ಮೊದಲಿನ ಅಂಕಿ ಬರೆದಿಟ್ಟು, ಆಮೇಲೆ 5 ಸೆಕೆಂಡಿಗೊಮ್ಮೆ ಓದುತ್ತಾ ಹೋಗಿ. ಅಂಕಿ ಏರಿ, ಇಳಿದು, ಮೊದಲಿನ ಮಟ್ಟಕ್ಕೆ ಬರುವವರೆಗೂ ನಿಲ್ಲಿಸಬೇಡಿ.

ಲೆಕ್ಕ ಹೀಗೆ: ಸುರಿಯುವ ಮೊದಲಿನ ಅಂಕಿಗಿಂತ ಪ್ರತಿ ಓದು ಎಷ್ಟು ಹೆಚ್ಚಿದೆಯೋ ಆ ಏರಿಕೆಯನ್ನೆಲ್ಲ ಕೂಡಿದಾಗ 2,000 ಮೈಕ್ರೋಸೀಮೆನ್ಸ್ (ಮೀಟರ್ ತೋರಿಸುವ ವಾಹಕತೆಯ ಅಳತೆ) ಬಂತೆನ್ನಿ. ಅದನ್ನು 5 ಸೆಕೆಂಡಿನಿಂದ ಗುಣಿಸಿದರೆ 10,000. ಒಂದು ಮೈಕ್ರೋಸೀಮೆನ್ಸ್ ಏರಿಕೆಗೆ ಲೀಟರಿಗೆ ಸುಮಾರು 0.5 ಮಿಲಿಗ್ರಾಂ ಉಪ್ಪು, ಅಂದರೆ 5,000. ಸುರಿದ 5,00,000 ಮಿಲಿಗ್ರಾಮನ್ನು ಇದರಿಂದ ಭಾಗಿಸಿ: ಸೆಕೆಂಡಿಗೆ 100 ಲೀಟರ್.

ಆ 0.5ನ್ನು ಕಣ್ಣುಮುಚ್ಚಿ ನಂಬದೆ ನಿಮ್ಮ ಮೀಟರಿಗೇ ಕಂಡುಕೊಳ್ಳಿ. ಉಪ್ಪು ಸುರಿಯುವ ಮೊದಲೇ ಎರಡು ಪಾತ್ರೆಗಳಲ್ಲಿ ಒಂದೊಂದು ಲೀಟರ್ ಹಳ್ಳದ ನೀರು ತೆಗೆದಿಡಿ. ಒಂದರಲ್ಲಿ 1 ಗ್ರಾಂ ಅದೇ ಉಪ್ಪು ಕರಗಿಸಿ, ಆ ಉಪ್ಪುನೀರನ್ನು ಇನ್ನೊಂದಕ್ಕೆ ಸಿರಿಂಜಿನಲ್ಲಿ 10 ಮಿಲಿಲೀಟರಿನಂತೆ ಸೇರಿಸುತ್ತಾ ಅಂಕಿ ಬರೆದುಕೊಳ್ಳಿ. ಪ್ರತಿ ಸಲ ಸುಮಾರು 10 ಮಿಲಿಗ್ರಾಂ ಸೇರುತ್ತದೆ. ಕಲ್ಲುಪ್ಪಿನ ತೇವದ ತೊಡಕೂ ಇದರಿಂದ ಕಳೆಯುತ್ತದೆ.

ಉಪ್ಪು ಕರಗದೆ ತಳದಲ್ಲಿ ಉಳಿದರೆ, ಮಡುವಿನಲ್ಲಿ ಸಿಕ್ಕಿಕೊಂಡರೆ, ಅಥವಾ ನೀವು ಓದುವುದನ್ನು ಬೇಗ ನಿಲ್ಲಿಸಿದರೆ ಉಪ್ಪಿನ ಒಂದು ಪಾಲು ಲೆಕ್ಕಕ್ಕೆ ಸಿಗದು. ಆಗ ಹರಿವು ಇದ್ದುದಕ್ಕಿಂತ ಹೆಚ್ಚೆಂದು ಬರುತ್ತದೆ. ಆ ಅಂಕಿ ನಂಬಿ ಪಂಪು ಕೂರಿಸಿದರೆ ಏಪ್ರಿಲಿನಲ್ಲಿ ತೊಂದರೆ. ಹಾಗಾಗಿ ಒಮ್ಮೆ ಎಡದಡದಲ್ಲಿ, ಇನ್ನೊಮ್ಮೆ ಬಲದಡದಲ್ಲಿ ಅಳೆಯಿರಿ. ಉತ್ತರಗಳು ಶೇ. 10ಕ್ಕಿಂತ ಬೇರೆಯಾದರೆ ಉಪ್ಪು ಬೆರೆತಿಲ್ಲ, ಮೀಟರನ್ನು ಇನ್ನೂ ಕೆಳಗೆ ಒಯ್ಯಿರಿ.

ಪ್ರಶ್ನೆ: ಮೀನುಗಳಿಗೆ ಅಪಾಯವಿಲ್ಲವೆ?

ಉತ್ತರ: ಈ ಪ್ರಮಾಣದಲ್ಲಿ ಬೆರೆತ ಮೇಲೆ ಭಯವಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ಲೋರೈಡಿಗೆ ಲೀಟರಿಗೆ 250 ಮಿಲಿಗ್ರಾಂ ಒಪ್ಪಿತ ಮಿತಿ. ಮೇಲಿನ ಉದಾಹರಣೆಯಲ್ಲಿ ಅಷ್ಟು ಏರುವುದಿಲ್ಲ, ಅದೂ ಕೆಲವೇ ನಿಮಿಷ. ಸುರಿಯುವ ಜಾಗದಲ್ಲಿ ಮಾತ್ರ ಕ್ಷಣಕಾಲ ಗಾಢವಾಗಿರುತ್ತದೆ. ಮೀನು ನಿಲ್ಲುವ ಗುಂಡಿಗೆ ಸುರಿಯಬೇಡಿ.