ಪ್ರಮೀಳಾ ಜಯಪಾಲ್ ಯಾರ ಪ್ರತಿನಿಧಿ?

ಪ್ರಶ್ನೆ: ಅಮೆರಿಕದ ಸಂಸದೆ ಪ್ರಮೀಳಾ ಜಯಪಾಲ್ ಅವರಿಗೆ ಬೆಂಗಳೂರಿನ ನಂಟಿದೆಯೆಂದು ಕೇಳಿದ್ದೇನೆ. ಹಾಗಿದ್ದೂ ಅವರು ಕಾಶ್ಮೀರದ ವಿಷಯದಲ್ಲಿ ಭಾರತದ ವಿರುದ್ಧ ನಿರ್ಣಯ ಮಂಡಿಸಿದ್ದೇಕೆ? ಅವರ ಹಿನ್ನೆಲೆಯನ್ನು ತಿಳಿಸುವಿರಾ?
– ಓದುಗರೊಬ್ಬರು, ಜಯನಗರ

ಉತ್ತರ: ನಂಟು ಇರುವುದು ನಿಜ, ಆದರೆ ಅದು ಹೆತ್ತವರ ಮೂಲಕ ಬಂದದ್ದು. ಪ್ರಮೀಳಾ ಅವರು 1965ರಲ್ಲಿ ಹುಟ್ಟಿದ್ದು ಅಂದಿನ ಮದ್ರಾಸಿನಲ್ಲಿ. ಬೆಳೆದದ್ದು ಇಂಡೊನೇಷ್ಯಾ ಮತ್ತು ಸಿಂಗಪುರದಲ್ಲಿ. ತಂದೆ ತಾಯಿ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು; ಈ ಊರಿನ ಇತಿಹಾಸವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಲೇಖಕಿ ಅವರ ತಾಯಿ. ಮಗಳಿಗೆ 16 ವರ್ಷವಾಗಿದ್ದಾಗ, 1982ರಲ್ಲಿ, ಕೈಯಲ್ಲಿದ್ದ ಸುಮಾರು 5,000 ಡಾಲರನ್ನೆಲ್ಲ ಖರ್ಚು ಮಾಡಿ ಹೆತ್ತವರು ಆಕೆಯನ್ನು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರೆಂದು ಪ್ರಮೀಳಾ ಹಲವು ಬಾರಿ ಹೇಳಿಕೊಂಡಿದ್ದಾರೆ. ವಾಲ್ ಸ್ಟ್ರೀಟಿನಲ್ಲಿ ದುಡಿದು, ಎಂಬಿಎ ಪದವಿಯನ್ನೂ ಪಡೆದವರು ಆ ದಾರಿಯನ್ನು ಬಿಟ್ಟು ಸಿಯಾಟಲ್ ನಗರದಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ಸೇರಿದರು. ಪೌರತ್ವ ದೊರೆತದ್ದು 2000ದಲ್ಲಿ.

ಅವರ ಸಾರ್ವಜನಿಕ ಜೀವನದ ನಿಜವಾದ ಆರಂಭ 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ್ದು. ಅರಬರು, ಮುಸ್ಲಿಮರು, ಸಿಖ್ಖರು ಬೀದಿಯಲ್ಲಿ ಹಲ್ಲೆಗೊಳಗಾಗುತ್ತಿದ್ದ ಆ ದಿನಗಳಲ್ಲಿ ಅವರು ಕಟ್ಟಿದ ಸಂಸ್ಥೆಯು (ಅದಕ್ಕೀಗ ‘ಒನ್‌ಅಮೆರಿಕ’ ಎಂಬ ಹೆಸರು) 4,000ಕ್ಕೂ ಹೆಚ್ಚು ಸೊಮಾಲಿ ವಲಸಿಗರ ಗಡೀಪಾರನ್ನು ತಡೆಯಲು ಬುಷ್ ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ವಾಷಿಂಗ್ಟನ್ ರಾಜ್ಯದ ಸೆನೆಟ್‌ಗೆ ಆಯ್ಕೆಯಾದ ಪ್ರಮೀಳಾ, 2016ರಲ್ಲಿ ಸಿಯಾಟಲ್ ಕ್ಷೇತ್ರದಿಂದ ಅಮೆರಿಕದ ಪ್ರತಿನಿಧಿಗಳ ಸಭೆಯನ್ನು ಪ್ರವೇಶಿಸಿದರು. ಆ ಸಭೆಗೆ ಚುನಾಯಿತರಾದ ಮೊದಲ ಭಾರತೀಯ ಮೂಲದ ಮಹಿಳೆ ಅವರೇ. ಆ ರಾಜ್ಯದ ಪದ್ಧತಿಯಂತೆ ಪ್ರಾಥಮಿಕ ಸುತ್ತಿನಲ್ಲಿ ಮೊದಲ ಎರಡು ಸ್ಥಾನ ಪಡೆದವರು, ಪಕ್ಷ ಯಾವುದೇ ಇರಲಿ, ಅಂತಿಮ ಕಣಕ್ಕಿಳಿಯುತ್ತಾರೆ. ಹೀಗಾಗಿ ಅವರ ಎದುರಾಳಿಯೂ ಡೆಮಾಕ್ರಟಿಕ್ ಪಕ್ಷದವರೇ ಆಗಿದ್ದರು. ಆ ಅಂತಿಮ ಕಣದಲ್ಲಿ ಬಲಪಂಥದ ಎದುರಾಳಿಯೇ ಇಲ್ಲದೆ ಗೆದ್ದು ಬಂದವರ ರಾಜಕೀಯವನ್ನು ಅಳೆಯುವಾಗ ಈ ಸಂಗತಿಯನ್ನು ಮರೆಯಬಾರದು.

ಇನ್ನು ಕಾಶ್ಮೀರ. 2019ರ ಡಿಸೆಂಬರಿನಲ್ಲಿ ಅವರು ರಿಪಬ್ಲಿಕನ್ ಸದಸ್ಯರೊಬ್ಬರೊಂದಿಗೆ ಮಂಡಿಸಿದ ನಿರ್ಣಯವು ದೂರವಾಣಿ ಮತ್ತು ಅಂತರ್ಜಾಲದ ನಿರ್ಬಂಧವನ್ನು ತೆಗೆಯಬೇಕು, ಬಂಧಿತರನ್ನು ಬೇಗ ಬಿಡುಗಡೆ ಮಾಡಬೇಕು ಎಂದು ಭಾರತವನ್ನು ಒತ್ತಾಯಿಸಿತ್ತು. ಗಡಿಯಾಚೆಯ ಭಯೋತ್ಪಾದನೆಯಿಂದ ಭಾರತಕ್ಕಿರುವ ಅಪಾಯವನ್ನೂ ಅದೇ ನಿರ್ಣಯ ಒಪ್ಪಿಕೊಂಡಿತ್ತೆಂಬುದು ಇಲ್ಲಿಯ ಚರ್ಚೆಗಳಲ್ಲಿ ಅಷ್ಟಾಗಿ ಕಾಣಿಸಲಿಲ್ಲ. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು, ಪ್ರಮೀಳಾ ಇರುವ ಸಭೆಗೆ ತಾವು ಬರುವುದಿಲ್ಲವೆಂದು ಅಮೆರಿಕ ಸಂಸತ್ತಿನ ವಿದೇಶಾಂಗ ಸಮಿತಿಯ ನಾಯಕರೊಂದಿಗಿನ ಭೇಟಿಯನ್ನೇ ರದ್ದುಪಡಿಸಿದರು. ನಿರ್ಣಯ ಮತಕ್ಕೆ ಬರಲೇ ಇಲ್ಲ; ಆದರೆ ಭೇಟಿ ರದ್ದಾದ ಸುದ್ದಿ ಅದಕ್ಕೆ ಬೇರೆ ಯಾವುದೂ ತಂದುಕೊಡಲಾರದಷ್ಟು ಪ್ರಚಾರ ಕೊಟ್ಟಿತು. ಮೂಲ ನಮ್ಮದೆಂಬ ಕಾರಣಕ್ಕೆ ಅವರಿಂದ ನಿಷ್ಠೆಯನ್ನು ಬಯಸುವುದು ಸರಿಯೆಂದು ನಮಗೆ ತೋರುವುದಿಲ್ಲ. ಅವರಿಗೆ ಮತ ಕೊಟ್ಟವರು ಸಿಯಾಟಲ್‌ನವರು.

ಪ್ರಶ್ನೆ: ಪ್ರಗತಿಪರರೆನಿಸಿಕೊಂಡವರು ಭಾಷಣ ಮಾಡುತ್ತಾರೆಯೇ ಹೊರತು ಕಾನೂನು ಮಾಡಿಸುವುದಿಲ್ಲ ಎಂಬ ಟೀಕೆ ಇವರಿಗೂ ಸಲ್ಲುತ್ತದೆಯೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಅರ್ಧ ಸಲ್ಲುತ್ತದೆ. ಸರ್ಕಾರವೇ ಎಲ್ಲರಿಗೂ ಆರೋಗ್ಯ ವಿಮೆ ಒದಗಿಸಬೇಕೆಂದು 2019ರಲ್ಲಿ ನೂರಕ್ಕೂ ಹೆಚ್ಚು ಸಹಸದಸ್ಯರ ಬೆಂಬಲದಿಂದ ಅವರು ಮಂಡಿಸಿದ ಮಸೂದೆ ಕಾನೂನಾಗಲಿಲ್ಲ. 2020ರ ಜುಲೈನಲ್ಲಿ ತಮ್ಮದೇ ನಗರದ ಅಮೆಜಾನ್ ಸಂಸ್ಥೆಯ ಜೆಫ್ ಬೆಜೋಸ್ ಅವರನ್ನು, ಇತರ ಮಾರಾಟಗಾರರ ಮಾಹಿತಿಯನ್ನು ಸಂಸ್ಥೆ ತನ್ನ ಲಾಭಕ್ಕೆ ಬಳಸುತ್ತಿದೆಯೇ ಎಂದು ನೇರವಾಗಿ ಪ್ರಶ್ನಿಸಿ, ಹಾಗೆ ಬಳಸಬಾರದೆಂಬ ಸಂಸ್ಥೆಯ ನಿಯಮವನ್ನು ಎಂದೂ ಮುರಿದಿಲ್ಲವೆಂಬ ಖಾತರಿ ಕೊಡಲಾರೆ ಎಂಬ ಉತ್ತರವನ್ನು ಪಡೆದರು. ಮರುವರ್ಷ ಅವರು ತಂದ ಏಕಸ್ವಾಮ್ಯ ವಿರೋಧಿ ಮಸೂದೆ ಸಮಿತಿಯನ್ನು ದಾಟಿತು, ಸದನವನ್ನು ದಾಟಲಿಲ್ಲ.

ಉಳಿದರ್ಧವನ್ನು ತಿಳಿಯಲು 2021ನ್ನು ನೋಡಬೇಕು. ಆಗ ಅವರು ಡೆಮಾಕ್ರಟಿಕ್ ಪಕ್ಷದ ಸಂಸದರ, ಸುಮಾರು ನೂರು ಸದಸ್ಯರ ಪ್ರಗತಿಪರ ಕೂಟದ ಅಧ್ಯಕ್ಷೆ. ರಸ್ತೆ, ಸೇತುವೆಗಳ ಮಸೂದೆಯನ್ನು ಸೆನೆಟ್ ಒಪ್ಪಿತ್ತು. ಶಿಶುಪಾಲನೆ, ಹವಾಮಾನ ಮುಂತಾದವುಗಳ ದೊಡ್ಡ ಮಸೂದೆಯೂ ಜೊತೆಗೆ ಬಾರದೆ ಮತ ಕೊಡುವುದಿಲ್ಲವೆಂದು ಅವರ ಕೂಟ ಪಟ್ಟು ಹಿಡಿದದ್ದರಿಂದ, ಅಲ್ಪ ಬಹುಮತದ ಸ್ಪೀಕರ್ ನ್ಯಾನ್ಸಿ ಪೆಲೋಸಿ ಮತದಾನವನ್ನೇ ಮುಂದೂಡಬೇಕಾಯಿತು. ಕೊನೆಗೆ ನವೆಂಬರ್ 5ರಂದು, ದೊಡ್ಡ ಮಸೂದೆಗೂ ಮುಂದೆ ಬೆಂಬಲ ಸಿಗುವುದೆಂಬ ಭರವಸೆಯ ಮೇಲೆ ಅವರು ಪಟ್ಟು ಸಡಿಲಿಸಿದರು. ಮಸೂದೆ 228–206 ಮತಗಳಿಂದ ಅಂಗೀಕಾರವಾಯಿತು. ಅವರದೇ ಪಕ್ಷದ ಆರು ಮಂದಿ ಮಾತ್ರ ಭರವಸೆಯನ್ನು ನಂಬದೆ ವಿರುದ್ಧ ಮತ ಹಾಕಿದರು. ಡಿಸೆಂಬರಿನಲ್ಲಿ ಅದೇ ಪಕ್ಷದ ಸೆನೆಟರ್ ಜೋ ಮ್ಯಾಂಚಿನ್ ದೊಡ್ಡ ಮಸೂದೆಗೆ ಬೆಂಬಲವಿಲ್ಲವೆಂದಾಗ ಆ ಆರು ಮಂದಿಯ ಅನುಮಾನವೇ ನಿಜವಾಯಿತು. ಆದರೂ ಹವಾಮಾನ ಮತ್ತು ಔಷಧ ಬೆಲೆಗೆ ಸಂಬಂಧಿಸಿದ ಭಾಗಗಳು 2022ರ ಆಗಸ್ಟಿನಲ್ಲಿ ಕಾನೂನಾದವು. ಬೇಡಿಕೆಯನ್ನು ತಿಂಗಳುಗಟ್ಟಲೆ ಜೀವಂತವಾಗಿಟ್ಟ ಶ್ರೇಯಸ್ಸಿನಲ್ಲಿ ಅವರಿಗೂ ಪಾಲಿದೆಯೆಂಬುದು ನಮ್ಮ ಅಭಿಪ್ರಾಯ.

ಎಡವಿದ್ದೂ ಉಂಟು: 2022ರ ಅಕ್ಟೋಬರಿನಲ್ಲಿ ಉಕ್ರೇನ್ ಕುರಿತು ಕೂಟ ಬರೆದ ಪತ್ರವನ್ನು ಒಂದೇ ದಿನದಲ್ಲಿ ಹಿಂತೆಗೆದುಕೊಳ್ಳಬೇಕಾಯಿತು.

ಪ್ರಶ್ನೆ: ಗ್ರೀನ್ ಕಾರ್ಡಿಗೆ ಕಾಯುತ್ತಿರುವ ನಮ್ಮ ಮಕ್ಕಳಿಗೆ ಅವರಿಂದ ಏನಾದರೂ ಆದೀತೇ?
– ಓದುಗರೊಬ್ಬರು, ವೈಟ್‌ಫೀಲ್ಡ್

ಉತ್ತರ: ಹಲವು ವೀಸಾಗಳನ್ನು ದಾಟಿಯೇ ಪೌರತ್ವ ಪಡೆದವರಾದ್ದರಿಂದ ಸಮಸ್ಯೆಯ ಅರಿವು ಅವರಿಗಿದೆ. 2025ರ ಜನವರಿಯಲ್ಲಿ ಕೂಟದ ಅಧ್ಯಕ್ಷತೆ ಟೆಕ್ಸಾಸ್‌ನ ಗ್ರೆಗ್ ಕಸಾರ್ ಅವರಿಗೆ ಹೋಯಿತು; ವಲಸೆ ಉಪಸಮಿತಿಯಲ್ಲಿ ತಮ್ಮ ಪಕ್ಷದ ಮುಖ್ಯ ಸದಸ್ಯೆಯ ಸ್ಥಾನ ಮಾತ್ರ 2023ರಲ್ಲೇ ಪ್ರಮೀಳಾ ಅವರದಾಗಿತ್ತು. ಆದರೆ ಯಾವ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ತೀರ್ಮಾನಿಸುವುದು ಬಹುಮತವುಳ್ಳ ಪಕ್ಷ. 2025ರ ಆರಂಭದಲ್ಲಿ ಆ ಬಹುಮತವಿದ್ದದ್ದು ರಿಪಬ್ಲಿಕನ್ನರಿಗೆ.