ಮಾತೇ ಇಲ್ಲದ ಅನಿಮೇಷನ್ ಸಿನಿಮಾ ಓಡುತ್ತಾ?

ಪ್ರಶ್ನೆ: ಅನಿಮೇಷನ್ ಕೋರ್ಸ್ ಮುಗಿಸಿದ ನಾವು ಮೂವರು ಗೆಳೆಯರು ಒಂದೂವರೆ ಗಂಟೆಯ ಸಿನಿಮಾ ಮಾಡುವ ಯೋಚನೆಯಲ್ಲಿದ್ದೇವೆ. ಮಾತು ಬೇಡ, ಡಬ್ಬಿಂಗ್ ಖರ್ಚು ಉಳಿಯುತ್ತೆ, ಯಾವ ಭಾಷೆಯವರೂ ನೋಡಬಹುದು ಅಂತ ನಾನು. ಕಿರುಚಿತ್ರಕ್ಕಾದರೆ ಸರಿ, ಅಷ್ಟು ಹೊತ್ತು ಜನ ಕೂರಲ್ಲ ಅಂತ ಉಳಿದಿಬ್ಬರು. ಯಾರು ಸರಿ?

ಉತ್ತರ: ಜನ ಕೂರುತ್ತಾರೆ. ಆದರೆ ನಿಮ್ಮ ಖರ್ಚಿನ ಲೆಕ್ಕ ಅರ್ಧ ಮಾತ್ರ ಸರಿ.

ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ ‘ಫ್ಲೋ’ (2024) ನೋಡಿ. ಪ್ರವಾಹಕ್ಕೆ ಎಲ್ಲ ಮುಳುಗಿದಾಗ ಒಂದು ಬೆಕ್ಕು, ನಾಯಿ, ಲೀಮರ್ (ಕೋತಿಯಂಥ ಪ್ರಾಣಿ), ಕ್ಯಾಪಿಬಾರ (ಭಾರೀ ಇಲಿಯಂಥ ಪ್ರಾಣಿ), ಒಂದು ದೊಡ್ಡ ಹಕ್ಕಿ ಒಂದೇ ದೋಣಿ ಸೇರುತ್ತವೆ, ಅಷ್ಟೇ ಕಥೆ. ಸುಮಾರು 85 ನಿಮಿಷ, ಒಂದೂ ಮಾತಿಲ್ಲ. ಬಜೆಟ್ ಸುಮಾರು 35 ಲಕ್ಷ ಯೂರೋ, ಮಾಡಿದ್ದು ನಿಮಗೂ ಪುಕ್ಕಟೆ ಸಿಗುವ ಬ್ಲೆಂಡರ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ. 2025ರ ಆಸ್ಕರ್‌ನಲ್ಲಿ ‘ಇನ್‌ಸೈಡ್ ಔಟ್ 2’ನಂಥ ಭಾರೀ ಸಿನಿಮಾವನ್ನು ಹಿಂದೆ ಹಾಕಿತು, ಹಾಕಿದ ದುಡ್ಡಿನ ಹಲವು ಪಟ್ಟು ವಾಪಸ್ ತಂತು. ಅದಕ್ಕೂ ಮೊದಲು, 2015ರಲ್ಲಿ ಮಾತೇ ಇಲ್ಲದ ‘ಶಾನ್ ದ ಶೀಪ್’ ಸಿನಿಮಾ ಜಗತ್ತಿನಾದ್ಯಂತ 10 ಕೋಟಿ ಡಾಲರ್ ದಾಟಿತ್ತು. ಆ ಕುರಿ ಟಿವಿಯಲ್ಲಿ ಮೊದಲೇ ಮನೆಮಾತಾಗಿತ್ತು ಅನ್ನೋದೂ ನಿಜ, ನಿಮಗೆ ಆ ಅನುಕೂಲ ಇಲ್ಲ.

ನಿಜವಾದ ಪ್ರಶ್ನೆ ನಿಮ್ಮ ಕಥೆಯದು. ನೀರು ಏರುತ್ತಿದೆ, ಬೆಕ್ಕು ಮೇಲೆ ಹತ್ತಬೇಕು: ಅದಕ್ಕೆ ಈಗ ಏನು ಬೇಕು ಅಂತ ಯಾರೂ ಹೇಳಬೇಕಾಗಿಲ್ಲ. ನಮ್ಮ ‘ಪುಷ್ಪಕ ವಿಮಾನ’ (1987) ಅನಿಮೇಷನ್ ಅಲ್ಲ, ಆದರೂ ಪಾಠಕ್ಕೆ ಅದಕ್ಕಿಂತ ಹತ್ತಿರದ್ದು ಬೇಡ. ಕೊಲೆಗಾರನ ಕೈಯಲ್ಲಿ ಐಸ್‌ನ ಚಾಕು. ಅದು ಕರಗುತ್ತೆ, ಚಿಂತೆ ಅವನಿಗೆ, ನಗು ನಮಗೆ. ಇನ್ನು ನಿಮ್ಮ ಕಥೆ ಅಜ್ಜನ ಕಾಲದ ಆಸ್ತಿ ಜಗಳದ ಮೇಲೋ ಹಳೇ ಗುಟ್ಟಿನ ಮೇಲೋ ನಿಂತಿದ್ದರೆ, ಮಾತು ತೆಗೆದರೆ ಪಾತ್ರಗಳು ಸುಮ್ನೆ ಕೈ ಬೀಸಿ ಸನ್ನೆ ಮಾಡ್ತಾ ಕೂರುತ್ತವೆ, ಅದನ್ನು ಹತ್ತು ನಿಮಿಷವೂ ನೋಡೋಕಾಗಲ್ಲ.

ಈಗ ಖರ್ಚು. ಮಾತಿಗೆ ತುಟಿ ಹೊಂದಿಸುವ ಖರ್ಚು ಉಳಿಯುತ್ತೆ, ಪ್ರತಿ ಭಾಷೆಗೂ ಡಬ್ಬಿಂಗ್ ಮಾಡಿಸೋದೂ ತಪ್ಪುತ್ತೆ. ಆದರೆ ಉಳಿದ ದುಡ್ಡು ಶಬ್ದಕ್ಕೆ, ಸಂಗೀತಕ್ಕೆ, ಕಣ್ಣು ಕಿವಿ ಬಾಲದ ಸೂಕ್ಷ್ಮ ಚಲನೆಗೆ ಹೋಗುತ್ತೆ. ‘ಫ್ಲೋ’ದಲ್ಲಿ ಪ್ರಾಣಿಗಳಿಗೆ ಪ್ರಾಣಿಗಳದ್ದೇ ದನಿ, ಆದರೆ ಕ್ಯಾಪಿಬಾರದ ಅಸಲಿ ಕೂಗು ಪಾತ್ರಕ್ಕೆ ಹೊಂದದೆ ಒಂಟೆಮರಿಯ ದನಿ ಹಾಕಿದ್ದಾರೆ! ಪ್ರಚಾರದಲ್ಲಿ ‘ಇಂಥ ಸ್ಟಾರ್ ದನಿ ಕೊಟ್ಟಿದ್ದಾರೆ’ ಅಂತ ಪೋಸ್ಟರ್ ಹಾಕುವ ದಾರಿಯೂ ಮುಚ್ಚುತ್ತೆ. ನನಗೆ ಇದಕ್ಕಿಂತ ಜಾಸ್ತಿ ಭಯ ಓಟಿಟಿಯದ್ದು: ಮನೆಯಲ್ಲಿ ಜನ ಬಟ್ಟೆ ಮಡಚುತ್ತಾ, ಫೋನ್ ನೋಡುತ್ತಾ ಸಿನಿಮಾ ‘ಕೇಳುತ್ತಾರೆ’. ಮಾತಿಲ್ಲದ ಸಿನಿಮಾದಲ್ಲಿ ಪರದೆಯಿಂದ ಕಣ್ಣು ಆಚೆ ತಿರುಗಿಸಿದ ಎರಡು ನಿಮಿಷಕ್ಕೆ ಕಥೆ ಕೈತಪ್ಪಿರುತ್ತೆ. ಹಾಗಾಗಿ ಚಿತ್ರೋತ್ಸವ, ಥಿಯೇಟರ್ ದಾರಿ ಮೊದಲು ಹಿಡಿಯಿರಿ.

ಜಗಳ ಬಿಟ್ಟು ಮೂವರೂ ಒಂದು ಕೆಲಸ ಮಾಡಿ. ಮೊದಲ ಹದಿನೈದು ನಿಮಿಷದ ಅನಿಮ್ಯಾಟಿಕ್ (ಕಚ್ಚಾ ಚಿತ್ರಗಳನ್ನು ಸಾಲಾಗಿ ಓಡಿಸಿ ಮಾಡುವ ಸಿನಿಮಾದ ಕರಡು) ಕಟ್ಟಿ, ಸೌಂಡ್ ಪೂರ್ತಿ ಆಫ್ ಮಾಡಿ, ಕಥೆ ಗೊತ್ತಿಲ್ಲದ ಐದಾರು ಜನರಿಗೆ ತೋರಿಸಿ. ಬಾಯಿ ಬಿಡಬೇಡಿ. ಮುಗಿದ ಮೇಲೆ ‘ಈಗ ಏನಾಯ್ತು, ಮುಂದೆ ಏನಾಗಬಹುದು’ ಅಂತ ಅವರಿಂದಲೇ ಹೇಳಿಸಿ. ಅವರು ತಡವರಿಸುವ ಜಾಗ ಗುರುತು ಹಾಕಿಕೊಂಡು ನನಗೆ ಮತ್ತೆ ಬರೆಯಿರಿ.